ಒಂದು ಹಲ್ಲು ಕಮ್ಮಿ

ಟೈರು ದೊಡ್ಡದು ಹಾಕಿಸಿದ ಮೇಲೆ
ಶಿರಾ ನಮಗೆ ಹತ್ತಿರವಾಯಿತು,
ಮೀಟರಿನಲ್ಲಿ ಮಾತ್ರ.

ಅಂತರಸನಹಳ್ಳಿಯ ಮುನೀರ್ ಸಾಬರು
ಪಕ್ಕ ಕೂತು, ವಾಚು ಬಿಚ್ಚಿ ಹಿಡಿದು,
ಕಲ್ಲಿಗೊಮ್ಮೆ ಹ್ಞೂಂ ಅಂದರು.
ಮುಳ್ಳು ಐವತ್ತು ಬಿಟ್ಟು ಅಲುಗಲಿಲ್ಲ;
ಕಲ್ಲುಗಳು ಐವತ್ತೆರಡು ಅಂದವು.

ಗೇರ್‌ಬಾಕ್ಸಿನಡಿ ಅಂಗಾತ ಮಲಗಿ
ಹಳೇ ಪಿನಿಯನ್ನು ಕಿತ್ತು
ಒಂದು ಹಲ್ಲು ಕಮ್ಮಿಯದು ಕೂರಿಸಿದರು.
'ಇನ್ನು ಸುಳ್ಳು ಹೇಳಲ್ಲ, ಹೋಗು ಕ್ಯಾತಪ್ಪ'
ಎಂದು ನಕ್ಕರು.
ಅವರ ಬಾಯಲ್ಲೂ ಒಂದು ಕಮ್ಮಿ.

ಸರಿ ಸಾಬರೇ, ಮುಳ್ಳು ನೆಟ್ಟಗಾಯಿತು.
ಆದರೆ ಕಿಲೋಮೀಟರಿಗಿಷ್ಟು ಅಂತ
ಬಾಟಾ ಬರೆಯುವ ಓನರ್ ಪುಸ್ತಕದಲ್ಲಿ
ಐದು ತಿಂಗಳು,
ನೂರಕ್ಕೆ ನಾಲ್ಕು
ಯಾರೂ ಓಡಿಸಿಲ್ಲ.

ಕೊಬ್ಬರಿ ಹೇರಿಕೊಂಡು
ಆ ನಾಲ್ಕರಲ್ಲೂ ಕೂತಿದ್ದು ನಾನು.
ಸೊಂಟಕ್ಕೆ ಗೊತ್ತು.
ಅದನ್ನ ಸಾಕ್ಷಿಗೆ ಕರೀಲಾ?