ದೀಪ ಹಚ್ಚುವ ಹೊತ್ತಿಗೆ

ರಾತ್ರಿ ಹತ್ತರ ಮೇಲೆ ಅನ್ನವಿಲ್ಲ, ಹಾಲಿಲ್ಲ,
ಬೆಳಗಿನ ಐದೂವರೆವರೆಗೆ ಬರೀ ನೀರು.
ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ
ಮಂಡಕ್ಕಿ ಡಬ್ಬ ಅಟ್ಟಕ್ಕೇರಿಸಿದೆ.
ಭಟ್ಟಿಯವರ ಮನೆ ನಮ್ಮದು; ಮಂಡಕ್ಕಿ
ಚಾಪೆಯಡಿ, ಚಡ್ಡಿ ಜೇಬಲ್ಲಿ, ಎಲ್ಲೆಂದರಲ್ಲಿ ಸಿಗುತ್ತದೆ.
ನಸುಕಲ್ಲಿ ಮೈಲಾರಿಯ ಮುಷ್ಟಿ ಬಿಡಿಸಿ ನೋಡಿದರೆ
ನಾಲ್ಕು ಕಾಳು.
ಕಳ್ಳಿಯ ಹಾಗೆ ಕಸಿದುಕೊಂಡೆ.

ಹೋದ ತಿಂಗಳೇ ಆಗಬೇಕಿತ್ತು. ಅಂದು
ಮೂಗು ಸೋರುತ್ತಿತ್ತು, ಎದೆಯಲ್ಲಿ ಗೊರಗೊರ.
ಅರಿವಳಿಕೆಯ ಡಾಕ್ಟರಮ್ಮ ಬೆನ್ನಿಗೆ ಕೊಳವೆಯಿಟ್ಟು ಕೇಳಿ
"ಇವತ್ತು ಬೇಡ" ಎಂದು ವಾಪಸು ಕಳಿಸಿದರು.
ಒಂದು ದಿನದ ಕೂಲಿ ಹೋಯಿತು, ಆಟೋ ಬಾಡಿಗೆ ಬೇರೆ.
ಬೈದುಕೊಂಡೇ ಬಂದೆ ಮನೆವರೆಗೂ.
ಬೇಡ ಅನ್ನುವುದೂ ಒಂದು ಮದ್ದೆಂದು
ಆಗ ನನಗೆ ಯಾರು ಹೇಳಬೇಕು.

"ಬೆಳಿಗ್ಗೆ ಕೊಯ್ದು ಸಂಜಿಗೆ ಕಳಿಸ್ತಾರಂತಾ?
ಅದೇನು ಕಟಿಂಗ್ ಶಾಪ್ ಏನು?" ಅತ್ತೆ ತಿಪ್ಪಮ್ಮ.
ನಾನೂ ಒಳಗೊಳಗೇ ಅದನ್ನೇ ಕೇಳುತ್ತಿದ್ದೆ.

ಏಳೂಮುಕ್ಕಾಲಿಗೆ ಹಸಿರು ಬಾಗಿಲು.
"ಊದಪ್ಪ, ಬಲೂನು ಊದು" ಎಂದರು.
ನನ್ನ ಕಿರುಬೆರಳು ಹಿಡಿದೇ ಊದಿದ.
ಹಿಡಿತ ಸಡಿಲಾದದ್ದು ಬೆರಳಿಗೆ ಮೊದಲು ಗೊತ್ತಾಯಿತು.

ಹೊರಗೆ ಬೆಂಚು. ಕಿಬ್ಬೊಟ್ಟೆಯ ಬಲಕ್ಕೆ
ಮೂವತ್ತು ವರ್ಷದ ಹಳೇ ಗೆರೆ ತುರಿಸಿತು.
ನನಗೂ ಇದೇ ಹರ್ನಿಯಾ, ಇವನದೇ ವಯಸ್ಸು.
ಚಿತ್ರದುರ್ಗದ ದೊಡ್ಡಾಸ್ಪತ್ರೆ, ಹನ್ನೊಂದು ರಾತ್ರಿ.
ಏಳಕ್ಕೆ ಗಂಟೆ ಬಾರಿಸಿ ಅವ್ವನನ್ನು ಹೊರಗೆ ಕಳಿಸುತ್ತಿದ್ದರು.
ಪಕ್ಕದ ಮಂಚದ ಮುದುಕಿ ಕೆಮ್ಮುತ್ತಿದ್ದಳು;
ಆರನೆಯ ದಿನ ಆ ಕೆಮ್ಮು ನನಗೂ ಬಂತು,
ಕೆಮ್ಮಿದಾಗೆಲ್ಲ ಹೊಲಿಗೆ ಹರಿದಂತೆ.
ಗಾಯ ಮಾಯ್ದು ಎಷ್ಟೋ ಕಾಲ. ಆ ಗಂಟೆ
ಈಗಲೂ ಒಮ್ಮೊಮ್ಮೆ ಏಳಕ್ಕೆ ಬಾರಿಸುತ್ತದೆ.

ಮೂವತ್ತೈದು ನಿಮಿಷ, ಅಷ್ಟೇ.
ಎದ್ದವನು ಅತ್ತ, ನನ್ನ ಗುರುತು ಹಿಡಿದು ಇನ್ನಷ್ಟು ಅತ್ತ,
ನೀರು ಕುಡಿದ, ಕುಡಿದದ್ದು ಹೊಟ್ಟೆಯಲ್ಲೇ ನಿಂತಿತು.
"ಉಚ್ಚೆ ಹೊಯ್ದನಾ?" ಮೂರು ಸಲ ಬಂದು ಕೇಳಿದಳು ನರ್ಸ್.
ಹೊಯ್ದಾಗ ವಾರ್ಡೇ ನಕ್ಕಿತು.
ಆಮೇಲೂ ಬಿಡಲಿಲ್ಲ. ನಾಡಿ ನೋಡಿ, ಪಟ್ಟಿ ನೋಡಿ,
ನೋವಿನ ಸಿರಪ್ಪು ಎಷ್ಟು ಗಂಟೆಗೊಮ್ಮೆ ಎಂದು
ನನ್ನ ಬಾಯಿಂದಲೇ ಹೇಳಿಸಿ,
ಜ್ವರ, ರಕ್ತ, ನಿಲ್ಲದ ವಾಂತಿ ಯಾವುದಿದ್ದರೂ
ರಾತ್ರಿ ಎರಡಾದರೂ ಸರಿ, ಈ ನಂಬರು ಎಂದು ಬರೆದುಕೊಟ್ಟು
"ಮನೆ ಎಷ್ಟು ದೂರ?"
"ಗೇಟ್ ಬಿದ್ದಿರದಿದ್ದರೆ ಹತ್ತು ನಿಮಿಷ."

ಗೇಟ್ ಬಿದ್ದಿತ್ತು.
ಅಶೋಕ ರೋಡಿನಲ್ಲಿ, ಆಟೋದೊಳಗೆ, ನನ್ನ ತೊಡೆಯ ಮೇಲೆ
ಮಲಗಿದಲ್ಲೇ ಗೂಡ್ಸು ಗಾಡಿಯ ಡಬ್ಬಿ ಎಣಿಸಿದ.
ಇಪ್ಪತ್ತರ ಮುಂದೆ ಬಾರದು ಅವನಿಗೆ.
ಇಪ್ಪತ್ತಾದೊಡನೆ ಮತ್ತೆ ಒಂದು.

ಅತ್ತೆ ಆಗಷ್ಟೇ ದೀಪ ಹಚ್ಚಿದ್ದಳು.
ಬೆಂಕಿಕಡ್ಡಿಯ ಕೈಯಲ್ಲೇ ಮೊಬೈಲ್ ಬೆಳಕು ಹಿಡಿದು
ಮೆಲ್ಲಗೆ ಅಂಗಿ ಸರಿಸಿದಳು.
ಎರಡು ಬೆರಳಗಲದ ಬಿಳಿ ಪಟ್ಟಿ.
"ಇಷ್ಟೇನಾ?"
ನಿರಾಶೆಯೋ ನಿರಾಳವೋ, ಕಣ್ಣು ಒರೆಸಿಕೊಂಡದ್ದು ಮಾತ್ರ ಕಂಡಿತು.

ಏಳಾಯಿತು. ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ.
ಎಂಟಕ್ಕೆ ನರ್ಸಿನ ಫೋನು: ಊಟ ಮಾಡಿದ್ನಾ, ನೋವು ಹೇಗಿದೆ,
ಕುಣಿಯೋಕೆ ಬಿಡಬೇಡಿ.
ಅಟ್ಟದ ಡಬ್ಬ ಇಳಿಸಿ
ಬೆಳಿಗ್ಗೆ ಕಸಿದ ನಾಲ್ಕು ಕಾಳಿಗೆ ಹಿಡಿ ತುಂಬ ಕೊಟ್ಟೆ.
ಎರಡು ತಿಂದ. ಉಳಿದದ್ದನ್ನು
ನಾನು ನೋಡುತ್ತಿದ್ದಂತೆಯೇ ಚಾಪೆಯಡಿ ಬಚ್ಚಿಟ್ಟ.