ಏಳನೇ ಪ್ಲೇಟು

ಪೆನ್ಷನ್ ಮೊಹಲ್ಲಾದ ಮೋಟಾರ್ ರಿವೈಂಡಿಂಗ್ ಅಂಗಡಿಗೆ
ಸಕಲೇಶಪುರದ ಕಡೆಯ ಯಾರೋ
ಸ್ಪ್ರಿಂಗು ಮುರಿದ ಗ್ರಾಮಫೋನು ಬಿಟ್ಟುಹೋದರಂತೆ,
ಜೊತೆಗೆ ಏಳು ಪ್ಲೇಟು. ವಾಪಸು ಬರಲಿಲ್ಲ.
ಆರರಲ್ಲಿ ಬ್ಯಾಂಡು, ಡ್ಯಾನ್ಸು, ಯಾವುದೋ ದೊರೆಯ ಭಾಷಣ.
ಏಳನೆಯದಕ್ಕೆ ಅಂಚಿನಿಂದ ಒಳಕ್ಕೆ ಬಿರುಕು.

ಅದರೊಳಗೆ ಒಬ್ಬ ಮನುಷ್ಯ, ಒಂದು ಗಿಟಾರು.
ಲೇಬಲ್ಲನ್ನು ಜಿರಲೆ ತಿಂದು
ಹಾಡಿದವನ ಹೆಸರಲ್ಲಿ ಉಳಿದದ್ದು ಕೊನೆಯ ಎರಡಕ್ಷರ.
‘ಬ್ಲೂಸ್ ಅಂತಾರೆ, ಹತ್ತಿ ಬಿಡಿಸೋ ಜನದ್ದು,’
ಎನ್ನುತ್ತಿದ್ದರು ಇನ್ನಾಸಪ್ಪನೋರು,
‘ಹೊಟ್ಟೇಲಿ ಒಂಥರಾ ಆಗ್ತದಲ್ಲ, ಅದು.’

ಕಲಿಯಲು ಹನ್ನೊಂದು ವರ್ಷ.
ತಿರುಗುವ ಪ್ಲೇಟಿಗೆ ಬೆರಳಾನಿಸಿ ನಿಧಾನಿಸಿದರೆ
ಆ ಮನುಷ್ಯ ಗೂಳಿಯಂತೆ ಗುಟುರು ಹಾಕುತ್ತಿದ್ದ;
ಇವರೂ ತಂತಿ ಸಡಿಲಿಸಿ ಅಲ್ಲಿಗೇ ಇಳಿದು ಹುಡುಕುತ್ತಿದ್ದರು,
ಕಾಯಿಲ್ ಸುತ್ತುವಾಗ ಎಣಿಸುವ ಅದೇ ತುಟಿಯಲ್ಲಿ:
ನಲವತ್ತೆರಡು, ನಲವತ್ತಮೂರು.
ಕಿರುಬೆರಳಿಗೆ ಅರ್ಧ ಎಚ್‌ಪಿ ಮೋಟಾರಿನ ಹಿತ್ತಾಳೆ ಬುಷ್ಷು.
ಒಂದು ಮಧ್ಯಾಹ್ನ ಅದು ತಂತಿಯ ಮೇಲೆ ಜಾರಿ
ಥೇಟು ಅವನಂತೆಯೇ ನರಳಿತಂತೆ.
ಒಲೆಯ ಮೇಲಿದ್ದ ವಾರ್ನಿಷು ಸೀದುಹೋಯಿತಂತೆ ಅವತ್ತು.

ನಾನು ಕೆಲಸಕ್ಕೆ ಸೇರಿದಾಗ ಗ್ರಾಮಫೋನು ಇರಲಿಲ್ಲ.
ಪ್ಲೇಟು ಎರಡು ಹೋಳಾಗಿ ಕ್ಯಾಲೆಂಡರಿನ ಹಿಂದೆ.
ಹಾಡು ಅವರ ಕೈಯಲ್ಲಿ ಮಾತ್ರ.
ಕರೆಂಟು ಹೋದ ಸಂಜೆಗಳಲ್ಲಿ ನನಗೆ ದಾಟಿಸಿದರು:
‘ಹೆಬ್ಬೆಟ್ಟು ಸಂತೆಗೆ ಹೊರಟೋನ ಹಾಗೆ ನಡೀಬೇಕು ಜಬೀ,
ಮಿಕ್ಕ ಬೆರಳು ಹರಟುತ್ತಾ ಹಿಂದೆ ಬರಬೇಕು.’
ಆಗಾಗ ಉಗುರಿನಿಂದ ಮರಕ್ಕೊಂದು ಟಿಕ್.

ಮೊನ್ನೆ ಅದೇ ಹಾಡು ಫೋನಿನಲ್ಲಿ ಸಿಕ್ಕಿತು,
ತೊಳೆದು ಒಣಗಿಸಿದಂತೆ. ಟಿಕ್ ಇಲ್ಲ.
‘ಇನ್ನಾಸಪ್ನೋರೇ, ನೀವು ಬಿರುಕನ್ನೂ ಕಲಿತುಬಿಟ್ಟಿದ್ದೀರಿ.’

ಅವರು ಮೊದಲು ಕೇಳಿದ್ದು ಹೆಸರು.
ಮೂರು ಸಲ ಹೇಳಿ ನಾಲಿಗೆಗೆ ಕೂರಿಸಿಕೊಂಡು
ಬಿಲ್‌ಪುಸ್ತಕದಲ್ಲಿ ಬರೆದರು, ಗಿರಾಕಿಯ ಜಾಗದಲ್ಲಿ.
ಆಮೇಲೆ ಕಿವಿಗೆ ಹಿಡಿದರು.
ಸೂಜಿ ಹಾರುತ್ತಿದ್ದ ಕಡೆ,
ಇಷ್ಟು ದಿನ ತಮ್ಮದೇ ಸ್ವರ ತುಂಬಿಸಿದ್ದ ಕಡೆ
ಅವನು ನಕ್ಕಿದ್ದ.
ಬರೀ ನಗು. ಯಾರೋ ಬಾಗಿಲಲ್ಲಿ ಏನೋ ಅಂದಂತೆ.

ಇನ್ನೊಂದ್ಸಲ ಹಾಕು, ಎಂದರು. ಇನ್ನೊಂದ್ಸಲ.
ಗಿಟಾರೆತ್ತಿಕೊಂಡು ಬುಷ್ಷು ತೊಡಿಸಿಕೊಂಡು
ಬಹಳ ಹೊತ್ತು ತಡಕಾಡಿದರು.
‘ನಗು ತಂತೀಲಿ ಬರಲ್ಲ ಕಣೋ.
ಅಲ್ಲಿ ಬೆರಳೆತ್ತಿ ಸುಮ್ನಿದ್ದುಬಿಡು.’

ಟಿಕ್?

‘ಅದೂ ಅಷ್ಟು ದೂರದಿಂದ ಬಂದದ್ದೇ,
ಈಗ ಹೋಗು ಅನ್ನೋದು ಹೆಂಗೆ?’

ನಾನು ನುಡಿಸುವಾಗ ಆ ಜಾಗ ಬಂದರೆ ಕೈ ಎತ್ತುತ್ತೇನೆ.
ಕೇಳುವವರು ಮರೆತೆನೆಂದುಕೊಳ್ಳುತ್ತಾರೆ.
ಉಗುರು ಮಾತ್ರ ಮರದ ಮೇಲೆ
ನಡೆಯುತ್ತಿರುತ್ತದೆ.