ವಸ್ತಿ ಗಾಡಿ

ಯಾವ ರೂಟಿಗೆ ಯಾವ ಗಾಡಿ?
ಮೂವತ್ತೊಂದು ವರ್ಷ ಕಾರವಾರ ಡಿಪೋದಲ್ಲಿ ಕೂತು
ಇದೊಂದೇ ಪ್ರಶ್ನೆಗೆ ಉತ್ತರ ಬರೆದವನು ನಾನು.
ದೇವಿಮನೆ ಘಾಟಿಗೆ ಉದ್ದದ್ದು ಹಾಕಬಾರದು,
ತಿರುವಿನಲ್ಲಿ ಬಾಲ ಬಂಡೆಗೆ ತಾಗುತ್ತದೆ.
ಮಾಜಾಳಿಗೆ ಹೊಸದು ದಂಡ,
ಮೀನುಬುಟ್ಟಿಯ ನೀರು ಒಂದೇ ವರ್ಷದಲ್ಲಿ
ತಳದ ತಗಡು ತಿಂದುಹಾಕುತ್ತದೆ.
ಹುಬ್ಬಳ್ಳಿಗೆ ಮಾತ್ರ ತೊಳೆದು ಒರೆಸಿದ ಗಾಡಿ,
ಅಲ್ಲಿ ದೊಡ್ಡ ಸಾಹೇಬರು ಕಿಟಕಿಯಲ್ಲಿ ನಿಂತಿರುತ್ತಾರೆ.

ಈಗ ಪಾಸ್ಕು ಕಂಡಕ್ಟರನ ಮಗಳು, ಸುಂಕೇರಿಯ ಅಸುಂತಾ
ಲಿಸ್ಬನ್ನಿನಲ್ಲಿ ವಿಮಾನ ಗುಡಿಸುತ್ತಾಳೆ.
ಒಂದಕ್ಕೆ ಹತ್ತು ನಿಮಿಷ, ನಾಲ್ಕು ಜನ,
ಅಷ್ಟರಲ್ಲಿ ಮುಂದಿನ ಪ್ಯಾಸೆಂಜರು ಬಾಗಿಲಲ್ಲಿ.
ಬಿಡುವಾದಾಗ ಫೋನಿನಲ್ಲಿ ದನಿ ಕಳಿಸುತ್ತಾಳೆ,
ಅರ್ಧ ಕೊಂಕಣಿ, ಅರ್ಧ ಏದುಸಿರು:

ಮಾಮಾ, ಇವತ್ತು ಬೋಯಿಂಗ್ ಏಳುನೂರ ಮೂವತ್ತೇಳು,
ಗಿಡ್ಡ ಕಾಲು, ಇಂಜಿನ್ನಿನ ತಳ ಚಪ್ಪಟೆ,
ಕೆಸರಲ್ಲಿ ಕೂತ ಎಮ್ಮೆ.
ಮಾಮಾ, ಏರ್‌ಬಸ್ ಮುನ್ನೂರ ಇಪ್ಪತ್ತು,
ಈ ಕಡೆ ಮೂರು, ಆ ಕಡೆ ಮೂರು,
ನಡುವೆ ಕೂತವನ ಮೊಣಕೈಗೆ ಯಾವ ದೇಶದಲ್ಲೂ ಜಾಗವಿಲ್ಲ.
ಎಂಬ್ರೇಯರ್ ಸಣ್ಣದು, ಎರಡು ಎರಡು,
ಸೂಟಿನವರು, ಕಸ ಕಡಿಮೆ.

ದೊಡ್ಡದು ಹಾಕುವುದಿಲ್ಲವೇ? ಕೇಳಿದೆ.
ಎರಡು ತಾಸಿನ ದಾರಿಗೆ ಯಾಕೆ, ಅಂದಳು,
ತುಂಬಿಸಿ ಇಳಿಸುವುದರಲ್ಲೇ ಎರಡು ತಾಸು.
ಸರಿಯೇ. ಅಂಕೋಲೆಗೆ ಯಾರು ಸ್ಲೀಪರ್ ಬಿಡುತ್ತಾರೆ!

ಒಂದು ದಿನ ನಕ್ಕೂ ನಕ್ಕೂ ಮಾತೇ ಹೊರಡಲಿಲ್ಲ:
ಹೊಸ ಏರ್‌ಬಸ್ಸು, ಇನ್ನೂರ ಇಪ್ಪತ್ತು,
ಒಂದು ಬದಿ ಮೂರು ಸೀಟು, ಒಂದು ಬದಿ ಎರಡು.
ನಮ್ಮ ಕೆಂಪು ಗಾಡಿಯೇ, ಮಾಮಾ!
ಮೂರರ ಬದಿ ನಾಲ್ವರು ಕೂರುತ್ತಾರೇನು?
ಇಲ್ಲವಂತೆ.
ಹಾಗಾದರೆ ನಮ್ಮದಲ್ಲ, ಅಂದೆ.

ಮದೇರಾ ಅಂತೊಂದು ದ್ವೀಪ.
ಅಲ್ಲಿ ನೆಲ ಸಾಲದೆ, ಕಡಲ ದಂಡೆಯಲ್ಲಿ ಕಂಬ ನಿಲ್ಲಿಸಿ
ಅದರ ಮೇಲೆ ರನ್‌ವೇ ಚಾಚಿದ್ದಾರೆ.
ಗಾಳಿ ಅಡ್ಡ ಹೊಡೆದರೆ ಎಷ್ಟು ಒಳ್ಳೆಯ ವಿಮಾನವಾದರೂ
ಎರಡು ಸುತ್ತು ಹಾಕಿ, ಇಳಿಯದೆ, ಬಂದ ದಾರಿಗೆ ವಾಪಸ್.
ಫೋಟೋ ಬಂತು. ಬೆರಳಿಂದ ಹಿಗ್ಗಿಸಿ
ವಿಮಾನ ಬಿಟ್ಟು ಕಂಬಗಳನ್ನೇ ನೋಡಿದೆ.
ನಮ್ಮ ಕಾಳಿ ನದಿಯ ಹಳೆ ಸೇತುವೆ
ನಡುರಾತ್ರಿ ನೀರಿಗೆ ಕೂತಾಗ
ನನಗೆ ಮೊದಲು ಬಂದದ್ದು ಲೆಕ್ಕ:
ದಿನಕ್ಕೆ ಎಷ್ಟು ಗಾಡಿ, ಎಷ್ಟು ವರ್ಷ,
ನಾನೇ ರೈಟ್ ಹೇಳಿ ಕಳಿಸಿದ್ದು.
ಕಂಬ ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ?
ಕೇಳಿ ಹೇಳುತ್ತೇನೆ ಅಂದಳು. ಹೇಳಲಿಲ್ಲ.

ನಿನ್ನೆ ನಸುಕಿನ ಮೂರಕ್ಕೆ ಮತ್ತೆ ದನಿ.
ನಾನು ಎದ್ದೇ ಇದ್ದೆ, ನೌಕರಿ ಕಲಿಸಿದ ಚಟ.
ಕೊನೆಯದು ಗುಡಿಸಿದೆ ಮಾಮಾ, ಎಟಿಆರ್,
ರೆಕ್ಕೆಯಲ್ಲಿ ಎರಡು ಫ್ಯಾನು,
ಜನ ಹತ್ತುವುದು ಹಿಂದಿನ ಬಾಗಿಲಿಂದ.
ಯಾವುದೋ ಸಣ್ಣ ಊರಿಗೆ ಹೋಗಿ ಅಲ್ಲೇ ಮಲಗುತ್ತದಂತೆ,
ಬೆಳಿಗ್ಗೆ ಆರಕ್ಕೆ ಆಫೀಸಿನವರನ್ನು ತುಂಬಿಕೊಂಡು ವಾಪಸ್.

ವಸ್ತಿ ಗಾಡಿ!

ನಿನ್ನಪ್ಪ ಹನ್ನೊಂದು ವರ್ಷ ಗೋಟೆಗಾಳಿ ವಸ್ತಿ ಮಾಡಿದವನು.
ಹಿಂದಿನ ಉದ್ದ ಸೀಟು, ತಲೆಗೆ ಟಿಕೆಟ್ ಪೆಟ್ಟಿಗೆ,
ಕಲೆಕ್ಷನ್ ಚೀಲ ಅಂಗಿಯೊಳಗೆ.
ಕಿಟಕಿಗೆ ಯಾರೋ ಕೈ ಬಡಿದು ಎಬ್ಬಿಸುವರು,
ಚಾ ತಂದವರೂ ಅವರೇ, ಮೊದಲ ಟಿಕೆಟ್ಟೂ ಅವರದೇ.

ಅಲ್ಲಿ ಗಾಡಿಯೊಳಗೆ ಯಾರು ಮಲಗುತ್ತಾರೆ, ಅಸುಂತಾ?

ಯಾರೂ ಇಲ್ಲ. ಅವರೆಲ್ಲ ಹೋಟೆಲಿಗೆ.
ಬಾಗಿಲು ಹಾಕಿ, ಚಕ್ರಕ್ಕೆ ಗುಟ್ಟ ಕೊಟ್ಟು, ದೀಪ ಆರಿಸಿ
ಹೋಗಿಬಿಡುತ್ತಾರೆ.

ನನಗೆ ಯಾಕೋ ಸರಿ ಕಾಣಲಿಲ್ಲ.
ಹಳೆ ಲಾಗ್‌ಶೀಟಿನ ಬೆನ್ನಿಗೆ ಬರೆದಿಟ್ಟೆ:
ಎಟಿಆರ್ ಎಪ್ಪತ್ತೆರಡು. ಬಿಟ್ಟಿದ್ದು ಹತ್ತೂ ಇಪ್ಪತ್ತಕ್ಕೆ. ವಸ್ತಿ.
ಊರಿನ ಜಾಗ ಖಾಲಿ ಇದೆ,
ನಾಳೆ ಕೇಳಬೇಕು.